ಕೆಂಗಲ್ಲಿನ ಹಸಿರು ಚುಕ್ಕೆಗಳು

ಕೆಂಗಲ್ಲು ಗುಡ್ಡದ ಸೀಮೆಯಲ್ಲಿ ಕಬ್ಬಿಣಕ್ಕೆ ಬರ ಅಂದರೆ ಕೇಳಿದವರು ನಕ್ಕಾರು. ಅಲ್ಲಿ ಕಾಲಿಟ್ಟಲ್ಲೆಲ್ಲ ಕಬ್ಬಿಣ, ಉಸಿರೆಳೆದರೆ ಕಬ್ಬಿಣ. ಒಗೆದು ಹರವಿದ ಬಿಳಿ ಪಂಚೆ ಒಣಗುವಷ್ಟರಲ್ಲಿ ಕೆಂಪಾಗಿರುತ್ತದೆ. ಬೇವಿನ ಎಲೆ ಹಸಿರು ಎಂದು ತಿಳಿಯಬೇಕಾದರೆ ಒಂದು ಜೋರು ಮಳೆ ಬೀಳಬೇಕು. ಗುಡ್ಡವನ್ನು ಅಗೆದು ಲಾರಿಗೆ ತುಂಬಿ, ಲಾರಿಯಿಂದ ರೈಲಿಗೆ, ರೈಲಿನಿಂದ ಹಡಗಿಗೆ ಸಾಗಿಸುತ್ತಲೇ ಇದ್ದಾರೆ. ಯಾವ ಯಾವುದೋ ದೇಶದ ಸೇತುವೆಗಳು ಈ ಗುಡ್ಡದಿಂದ ಎದ್ದಿವೆ. ಅದೇ ಗುಡ್ಡದ ಬುಡದಲ್ಲಿ ಬದುಕುವ ಹೆಂಗಸರ ಕೆಳರೆಪ್ಪೆ ಎಳೆದು ನೋಡಿ, ಒಳಗೆ ಸುಣ್ಣ ಬಳಿದ ಹಾಗಿರುತ್ತದೆ. ಒಬ್ಬ ಮನುಷ್ಯನ ಮೈಯಲ್ಲಿ ಇರಬೇಕಾದ ಕಬ್ಬಿಣ ಹೆಚ್ಚೆಂದರೆ ಒಂದು ಮೊಳೆಯಷ್ಟು. ಆ ಒಂದು ಮೊಳೆಯೂ ಇವರ ಪಾಲಿಗೆ ಉಳಿದಿರಲಿಲ್ಲ.

ಈ ನಾಚಿಕೆಗೇಡನ್ನು ತೊಳೆದುಹಾಕಲೆಂದು ಹುಟ್ಟಿದ್ದು ಹಲ್ಲುಮಣಿ. ಗಾತ್ರ ಅರ್ಧ ಜೋಳದ ಕಾಳಿನಷ್ಟು. ದವಡೆಹಲ್ಲಿನ ಒಳಮಗ್ಗುಲಿಗೆ ಅಂಟಿಸಿಬಿಟ್ಟರೆ ಮುಗಿಯಿತು, ಬಾಯಿಯ ಪಸೆಯೇ ಅದಕ್ಕೆ ಬ್ಯಾಟರಿ. ಬಾಯಿಗೆ ಬಿದ್ದದ್ದರ ಒಂದು ಕಣ ಹಿಡಿದು, ತನ್ನೊಳಗಿನ ಕಡುಹುಳಿ ಆಮ್ಲದಲ್ಲಿ ಕರಗಿಸಿ, ಕಬ್ಬಿಣ ಎಷ್ಟು, ಸುಣ್ಣ ಎಷ್ಟು, ಬೇಳೆಕಾಳಿನ ಸತ್ವ ಎಷ್ಟು ಎಂದು ಅಳೆದು, ಬೀದಿಯ ಕಂಬಗಳ ಮೂಲಕ ಪೋಷಣಾ ಕೇಂದ್ರದ ಕೋಣೆಗೆ ಸುದ್ದಿ ಕಳಿಸುತ್ತಿತ್ತು. ಆ ಕೋಣೆಯಲ್ಲಿ ಗೋಡೆಯಗಲ ಒಂದು ನಕಾಶೆ. ಅದರಲ್ಲಿ ಸೀಮೆಯ ಒಬ್ಬೊಬ್ಬ ಹೆಂಗಸೂ ಒಂದೊಂದು ಚುಕ್ಕೆ. ಕೆಂಪು ಚುಕ್ಕೆಯವಳಿಗೆ ಆಸ್ಪತ್ರೆಯಲ್ಲಿ ಕಬ್ಬಿಣದ ಡ್ರಿಪ್ಪು, ಮನೆಗೆ ಮೊಟ್ಟೆ, ಶೇಂಗಾ ಚಿಕ್ಕಿ. ಹಳದಿಯವಳಿಗೆ ಬರಿಯ ಚಿಕ್ಕಿ. ಹಸಿರು ಚುಕ್ಕೆಯವಳಿಗೆ ಏನೂ ಇಲ್ಲ, ದೀಪ ಹಚ್ಚುವ ಹೊತ್ತಿಗೆ ಮನೆಗೊಂದು ಫೋನು ಮಾತ್ರ. ಜೇನಿನಂಥ ದನಿಯೊಂದು ಹೆಸರು ಹಿಡಿದು ಹೊಗಳಿ, ಕೇಳಿದವರು ಏನಾದರೂ ಅನ್ನುವ ಮೊದಲೇ ಇಟ್ಟುಬಿಡುತ್ತಿತ್ತು. ಯೋಜನೆಯ ಹೆಸರು ‘ತುಂಬುತಟ್ಟೆ’.

ಪಂಪಾವತಿ ಈ ಕೇಂದ್ರದ ಆಹಾರ ವಿಜ್ಞಾನಿ. ಹುಟ್ಟಿದ್ದು ಕೆಂಗಲ್ಲಿನಲ್ಲೇ, ಗಣಿಯಲ್ಲಿ ಅದಿರು ಆರಿಸುತ್ತಿದ್ದ ಗಾಳೆಮ್ಮನ ಹಿರಿಮಗಳು. ಕೆಲಸದಲ್ಲಿ ಗಟ್ಟಿಗಿತ್ತಿ, ಸಿಟ್ಟು ಮೂಗಿನ ತುದಿಯಲ್ಲೇ. ಕೇಂದ್ರದ ಆಸ್ಪತ್ರೆಯ ವಾರ್ಡಿನವರು ಬೆನ್ನ ಹಿಂದೆ ಅವಳನ್ನು ಮೆಣಸಿನಕಾಯಿ ಮೇಡಂ ಅನ್ನುತ್ತಿದ್ದರು, ಅವಳಿಗೂ ಅದು ಗೊತ್ತಿತ್ತು. ಮೊದಮೊದಲು ಮಣಿ ಅಗಿಯುವುದನ್ನೂ ಎಣಿಸುತ್ತಿತ್ತು. ಆಗ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಗಂಜಿ ಕುಡಿಯುವ ರೋಗಿಗಳು, ಹಲ್ಲುದುರಿದ ಮುದುಕಿಯರು ಎಲ್ಲ ಉಪವಾಸ ಬಿದ್ದವರ ಲೆಕ್ಕಕ್ಕೆ ಸೇರಿ ಗೊಂದಲವಾಯಿತು. ಅಗಿಯುವ ಲೆಕ್ಕ ಬೇಡ, ಬಾಯಲ್ಲಿ ಏನಿದೆ ಅನ್ನುವುದಷ್ಟೇ ಸಾಕು ಎಂದು ಜಗಳವಾಡಿ ಬದಲು ಮಾಡಿಸಿದವಳು ಪಂಪಾವತಿಯೇ. ಗಂಜಿ ಕುಡಿಯುವವರಿಗೆ ಅದರಿಂದ ಒಳ್ಳೆಯದಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಗೋಡೆಯಲ್ಲಿ ಕೆಂಗಲ್ಲಿನ ಸೀಮೆ ಹಸಿರಾಗಿಬಿಟ್ಟಿತು. ನಿರ್ದೇಶಕ ಡಾಕ್ಟರ್ ಚಂದ್ರಮೌಳಿ ಎಲ್ಲರಿಗೂ ಪೇಡೆ ಹಂಚಿದರು. ಮೈಸೂರು ಕಡೆಯ ಮನುಷ್ಯ, ಮೆತ್ತನೆ ಮಾತು, ಈ ಮಣಿಗಾಗಿ ತಲೆಕೂದಲು ಬೆಳ್ಳಗೆ ಮಾಡಿಕೊಂಡವರು.

"ಕಣ್ತುಂಬ ನೋಡಿ ಪಂಪಾವತಿ. ಬುಧವಾರ ಸಮಿತಿ ಬರುತ್ತೆ. ಅವರು ಹೂಂ ಅಂದ್ರೆ ಇಡೀ ರಾಜ್ಯಕ್ಕೆ ಇದೇ ಮಣಿ" ಅಂದರು. ಒಂದು ಚುಕ್ಕೆಯನ್ನು ಬೆರಳಿಂದ ಮುಟ್ಟಿದರು. ಅಂದಿನ ಫೋನಿನ ಮಾತು ಕೋಣೆಯಲ್ಲಿ ಕೇಳಿತು: ಇಂದು ನಿಮ್ಮ ತಟ್ಟೆ ತುಂಬಿತ್ತು, ಕಬ್ಬಿಣಾಂಶ ಚೆನ್ನಾಗಿದೆ, ಹೀಗೇ ಮುಂದುವರಿಸಿ.

ಪಂಪಾವತಿಗೂ ಹೆಮ್ಮೆಯಾಗದೆ ಇರಲಿಲ್ಲ. ಆದರೆ ಒಂದು ವಿಷಯ ಕಣ್ಣಿಗೆ ಚುಚ್ಚಿತು. ಎಲ್ಲರಿಗಿಂತ ಕಡುಹಸಿರು ಇದ್ದವರು ಬಸುರಿಯರು. "ಇವರೆಲ್ಲ ಅಂಥಾದ್ದೇನು ತಿಂತಿದಾರೆ ಸರ್?" ಎಂದು ಕೇಳಿದಳು.

"ತಿಳುವಳಿಕೆ ಬಂದಿದೆ. ನಮ್ಮ ಪ್ರಚಾರ ಫಲ ಕೊಟ್ಟಿದೆ" ಅಂದರು ಚಂದ್ರಮೌಳಿ. ಬೆರಳು ಚುಚ್ಚಿ ರಕ್ತ ನೋಡುವುದನ್ನು ಅವರು ಆ ವರ್ಷದಿಂದಲೇ ನಿಲ್ಲಿಸಿಬಿಟ್ಟಿದ್ದರು. ಮಣಿಯಿರುವಾಗ ಸೂಜಿ ಯಾಕೆ ಅನ್ನುವುದು ಅವರ ವಾದ. ಸೂಜಿ ತಪ್ಪಿತಲ್ಲ ಎಂದು ಹೆಂಗಸರೂ ಖುಷಿಪಟ್ಟಿದ್ದರು.

ಭಾನುವಾರ ಪಂಪಾವತಿ ಊರಿಗೆ ಹೋದಳು. ತಂಗಿ ಹುಲಿಗೆಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಕೆಲವೇ ದಿನವಾಗಿತ್ತು. ಅಕ್ಕನನ್ನು ಕಂಡು ಏಳಲು ಹೋದವಳು ಗೋಡೆಗೆ ಕೈಕೊಟ್ಟು ನಿಂತು, ಉಸಿರು ಹಿಡಿತಕ್ಕೆ ಬರುವ ತನಕ ನಗುತ್ತಲೇ ಇದ್ದಳು. ಪಂಪಾವತಿ ಆ ನಗುವನ್ನು ನಂಬಲಿಲ್ಲ. ಕೈ ಹಿಡಿದು ಉಗುರು ನೋಡಿದಳು, ಚಮಚದ ಹಾಗೆ ತಗ್ಗಾಗಿದ್ದವು. ರೆಪ್ಪೆ ಎಳೆದು ನೋಡಿದಳು, ಒಳಗೆ ಕೆಂಪಿನ ಸುಳಿವೇ ಇಲ್ಲ. ನಾಲಿಗೆ ಚಾಚಿಸಿದಳು, ಅದು ಬೋಳು ಬೋಳಾಗಿ ಹೊಳೆಯುತ್ತಿತ್ತು.

"ಏನ್ ಆಗಿಲ್ಲಕ್ಕಾ, ಬಸುರಿ ಅಂದಮ್ಯಾಲ ಸುಸ್ತು ಇದ್ದದ್ದ" ಅಂದಳು ಹುಲಿಗೆಮ್ಮ.

"ಡ್ರಿಪ್ ಹಾಕಿಸ್ಯಾರೇನ ನಿನಗ?"

"ನಂದು ಹಸಿರೈತಿ. ಹಸರಿನೋರಿಗೆ ಯಾಕ ಹಾಕ್ತಾರ?"

ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿ ಫೋನು ಬಂತು. ಗಾಳೆಮ್ಮ ಅದನ್ನು ದೇವರ ಗೂಡಿನ ಮುಂದಿಟ್ಟು ಎಲ್ಲರಿಗೂ ಕೇಳುವಂತೆ ಮಾಡಿದಳು. "ಹುಲಿಗೆಮ್ಮನವರೇ ನಮಸ್ಕಾರ. ಇಂದು ನಿಮ್ಮ ತಟ್ಟೆ ತುಂಬಿತ್ತು. ಕಬ್ಬಿಣಾಂಶ ಚೆನ್ನಾಗಿದೆ. ಹೀಗೇ ಮುಂದುವರಿಸಿ." ಗಾಳೆಮ್ಮನ ಮುಖ ಅರಳಿತು. "ದಿನಾ ಹಿಂಗ ಹೊಗಳತೈತಿ ನೋಡು ಇಕಿನ್ನ. ನಿನ್ನ ಮಣಿ ಭಾಳ ಚಲೋ ಐತಿ ಪಂಪಾ."

ಎದುರಿಗೆ ಕೂತವಳ ಮೈಯಲ್ಲಿ ರಕ್ತವಿಲ್ಲ ಎಂದು ಪಂಪಾವತಿಯ ಕಣ್ಣು ಹೇಳುತ್ತಿತ್ತು, ಬೇಕಾದಷ್ಟಿದೆ ಎಂದು ಅವಳದೇ ಮಣಿ ಹೇಳುತ್ತಿತ್ತು.

ಮರುದಿನ ಬೆಳಗ್ಗೆ ತಂಗಿಯನ್ನು ಕೇಂದ್ರದ ಆಸ್ಪತ್ರೆಗೇ ಕರೆತಂದಳು. ಹೆರಿಗೆ ವಾರ್ಡಿನ ಹಿರಿಯ ಸಿಸ್ಟರ್ ಎಸ್ತರಮ್ಮ ಹುಲಿಗೆಮ್ಮನ ಮುಖ ನೋಡಿದ ಕೂಡಲೇ ಹಾಸಿಗೆ ಕೊಟ್ಟಳು. ಆದರೆ ಔಷಧದ ಕಪಾಟಿನ ಮುಂದೆ ನಿಂತು ಕೈಚೆಲ್ಲಿದಳು. ಕಪಾಟಿನ ಬೀಗ ಗೋಡೆಯ ಚುಕ್ಕೆಗೆ ಕಟ್ಟುಬಿದ್ದಿತ್ತು. ಕೆಂಪು ಚುಕ್ಕೆಯ ಹೆಸರು ಹೇಳಿದರೆ ಬಾಗಿಲು ತೆರೆಯುತ್ತದೆ, ಹಸಿರು ಚುಕ್ಕೆಯದಕ್ಕೆ ಇಲ್ಲ.

"ಏನ್ ಮಾಡ್ಲಿ ಮೇಡಂ. ಇದು ಚುಕ್ಕಿ ನೋಡಿ ತೆಗೀತೈತಿ, ಮಾರಿ ನೋಡಿ ಅಲ್ಲ. ಹೋದ ವಾರ ಒಬ್ಬಾಕಿ ಹಿಂಗ ಬಿಳೀ ಹಾಳಿ ಆಗಿ ಬಂದಿದ್ಲು. ಹಸಿರಿದ್ದೀ ಅಂತ ಬೈದು ಕಳಿಸಿದ್ರು. ನಾನೂ ಬೈದೆ" ಅಂದಳು ಎಸ್ತರಮ್ಮ.

ರಕ್ತ ನೋಡೋಣವೆಂದರೆ ಯಂತ್ರಕ್ಕೂ ಅದೇ ಬೀಗ. ಪಂಪಾವತಿಯ ತಾಳ್ಮೆ ಅಲ್ಲಿಗೆ ಮುಗಿಯಿತು. ಉಗ್ರಾಣಕ್ಕೆ ನುಗ್ಗಿ, ಹಳೆಯ ಸಾಮಾನಿನ ಪೆಟ್ಟಿಗೆಗಳನ್ನು ಉರುಳಿಸಿ, ತಾನು ಓದುವಾಗ ಬಳಸಿದ್ದ ಗಾಜಿನ ನಳಿಕೆಗಳನ್ನು ಹುಡುಕಿ ತೆಗೆದಳು. ಅವುಗಳ ಕೆಲಸ ಸರಳ. ಬೆರಳಿನ ರಕ್ತದ ಹನಿಯನ್ನು ಆಮ್ಲಕ್ಕೆ ಬಿಟ್ಟರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಪಕ್ಕದ ಗಾಜುಕಡ್ಡಿಯ ಬಣ್ಣಕ್ಕೆ ಸರಿಹೊಂದುವ ತನಕ ನೀರು ಹನಿಸುತ್ತ ಹೋಗಬೇಕು. ಒಳ್ಳೆಯ ರಕ್ತ ಬಹಳ ನೀರು ಕುಡಿಯುತ್ತದೆ. ಹುಲಿಗೆಮ್ಮನದು ನಾಲ್ಕಾರು ಹನಿಗೇ ತಿಳಿಯಾಗಿಬಿಟ್ಟಿತು. ಹನ್ನೊಂದರ ಗೆರೆಯಲ್ಲಿ ನಿಲ್ಲಬೇಕಾದದ್ದು ಐದರ ಕೆಳಗೆ ನಿಂತಿತ್ತು. ಎಸ್ತರಮ್ಮ ಶಿಲುಬೆಯ ಗುರುತು ಮಾಡಿಕೊಂಡಳು.

ಹಾಗಾದರೆ ಮಣಿಯ ಬಾಯಿಗೆ ಬೀಳುತ್ತಿದ್ದ ಕಬ್ಬಿಣ ಯಾವುದು? ಪಂಪಾವತಿ ತಂಗಿಯ ಪಕ್ಕ ಕೂತು, "ಹುಲಿಗೀ, ನೀ ಏನ್ ತಿಂತೀ ಹೇಳು. ಮುಚ್ಚಿಡಬ್ಯಾಡ" ಅಂದಳು. ಹುಲಿಗೆಮ್ಮ ರೊಟ್ಟಿ ಅಂದಳು, ಪುಂಡಿಪಲ್ಯ ಅಂದಳು. ಅನ್ನುವಾಗ ಅವಳ ಹಲ್ಲಿನ ಸಂದಿಯಲ್ಲಿ ತೆಳ್ಳಗೆ ಕೆಂಪು ಗೆರೆ ಕಂಡಿತು. ಎಲೆ‌ಅಡಿಕೆಯ ಕೆಂಪಲ್ಲ ಅದು.

ಆಗಲೇ ಮಗಳಿಗೆ ಊಟ ಹೊತ್ತು ಗಾಳೆಮ್ಮ ಬಂದಳು. ಬುತ್ತಿ ಕೆಳಗಿಟ್ಟವಳು ಹಿರಿಮಗಳು ಅತ್ತ ತಿರುಗಿದ್ದಾಳೆಂದು ನಂಬಿ, ಸೆರಗಿನ ಗಂಟು ಬಿಚ್ಚಿ, ಏನನ್ನೋ ಕಿರಿಮಗಳ ಅಂಗೈಗೆ ತುರುಕಿದಳು. ಪಂಪಾವತಿ ಆ ಕೈ ಹಿಡಿದಳು. ಬೆರಳು ಬಿಡಿಸಿದರೆ ಒಳಗೆ ಒಂದು ಹೆಂಟೆ ಕೆಮ್ಮಣ್ಣು. ಕೆಂಡದ ಮೇಲೆ ಹುರಿದು ತಂದಿದ್ದರಿಂದ ಇನ್ನೂ ಬೆಚ್ಚಗಿತ್ತು.

"ಯವ್ವಾ, ಇದೇನು?"

ಗಾಳೆಮ್ಮ ತಲೆ ತಗ್ಗಿಸಿದಳು. "ಬಯಕಿ ಐತಿ ಇಕೀಗೆ. ಮಣ್ಣ ಬೇಕು ಅಂತೈತಿ ಬಾಯಿ. ಕೊಡದಿದ್ರ ಹುಟ್ಟೋ ಕೂಸಿನ ಕಿವಿ ಸೋರತಾವ. ನಾನೂ ತಿಂದೇನಿ ನೀ ಹೊಟ್ಟ್ಯಾಗಿದ್ದಾಗ. ಊರಾಗಿನ ಬಸುರ್ಯಾರೆಲ್ಲ ತಿಂತಾರ."

"ದವಾಖಾನಿಯೋರಿಗೆ ಯಾಕ ಹೇಳಲಿಲ್ಲ?"

"ಹೇಳಿದ್ರ ಬೈತಾರ. ಈಗ ನೀನೂ ಬೈತೀ."

ನಿಜವೇ, ಪಂಪಾವತಿ ಬೈಯಲು ಬಾಯಿ ತೆರೆದಿದ್ದಳು. ಹುಲಿಗೆಮ್ಮ ಅಕ್ಕನ ಸೆರಗು ಹಿಡಿದು, "ಅವ್ವನ್ನ ಬೈಬ್ಯಾಡಕ್ಕಾ. ಮೊದಲ ಮಳಿ ಬಿದ್ದಾಗ ವಾಸನಿ ಬರತೈತಲ್ಲ, ಆ ವಾಸನಿ ಬಂದ್ರ ಸಾಕು, ಬಾಯಾಗ ನೀರು. ತಡಕೊಳ್ಳಾಕ ಆಗಂಗಿಲ್ಲ" ಅಂದಳು. ಅದನ್ನು ಕೇಳಿದಾಗ ಪಂಪಾವತಿಗೆ ಶಾಲೆಯ ದಿನಗಳು ನೆನಪಾದವು. ಅವಳೂ ಬಳಪ ತಿಂದವಳೇ. ಮೈಯಲ್ಲಿ ಕಬ್ಬಿಣ ಬತ್ತಿದಾಗ ಬಾಯಿ ಮಣ್ಣು ಬಯಸುತ್ತದೆ ಎಂದು ಆಮೇಲೆ ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮರೆತೂಬಿಟ್ಟಿದ್ದಳು.

ಈಗ ಎಲ್ಲ ಕಣ್ಣೆದುರು ಬಂದು ನಿಂತಿತು. ಕೆಮ್ಮಣ್ಣಿನಲ್ಲಿ ಕಬ್ಬಿಣವೇನೋ ಇದೆ, ಆದರೆ ಅದು ತುಕ್ಕು. ಮನುಷ್ಯರ ಹೊಟ್ಟೆಗೆ ಕರಗದು. ಕರಗದಿರುವುದಲ್ಲದೆ, ಊಟದಲ್ಲಿದ್ದ ಚೂರುಪಾರು ಕಬ್ಬಿಣವನ್ನೂ ಅಪ್ಪಿಕೊಂಡು ಹೊರಗೆ ಹೋಗುತ್ತದೆ. ಮಣಿಯ ಕಡುಹುಳಿಗೆ ಮಾತ್ರ ಅದು ಬೆಣ್ಣೆಯ ಹಾಗೆ ಕರಗುತ್ತಿತ್ತು. ರಕ್ತ ಕಡಿಮೆಯಾದಷ್ಟೂ ಮಣ್ಣಿನ ಬಯಕೆ ಹೆಚ್ಚು, ಮಣ್ಣು ತಿಂದಷ್ಟೂ ಚುಕ್ಕೆ ಹಸಿರು, ಚುಕ್ಕೆ ಹಸಿರಾದಷ್ಟೂ ಮದ್ದಿನ ಬಾಗಿಲು ಬಂದ್. ಸೀಮೆಯಲ್ಲಿ ಯಾರು ಸಾವಿಗೆ ಹತ್ತಿರವೋ ಅವರೇ ಗೋಡೆಯಲ್ಲಿ ಕಡುಹಸಿರು. ಮಣಿಯನ್ನು ಪರೀಕ್ಷೆ ಮಾಡಿದ್ದು ಪಟ್ಟಣದ ಹಾಸ್ಟೆಲ್ ಹುಡುಗಿಯರ ಮೇಲೆ. ಅವರು ಇಡ್ಲಿ ತಿಂದರು, ಪಲಾವ್ ತಿಂದರು. ಊಟವಲ್ಲದ್ದನ್ನು ಯಾರಾದರೂ ತಿಂದಾರು ಎಂದು ಅಷ್ಟು ಜನ ಓದಿದವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಈ ಊರಿನಲ್ಲೇ ಹುಟ್ಟಿದವಳಿಗೂ ಹೊಳೆದಿರಲಿಲ್ಲವಲ್ಲ ಎಂದು ಪಂಪಾವತಿಗೆ ತನ್ನ ಕಪಾಳಕ್ಕೆ ತಾನೇ ಬಾರಿಸಿಕೊಳ್ಳಬೇಕೆನಿಸಿತು. ಮಣ್ಣಿನ ಹೆಂಟೆಯನ್ನೂ ಗಾಜಿನ ನಳಿಕೆಯನ್ನೂ ಹಿಡಿದುಕೊಂಡು ನಿರ್ದೇಶಕರ ಕೋಣೆಗೆ ನಡೆದಳು.

ಚಂದ್ರಮೌಳಿ ಎಲ್ಲವನ್ನೂ ಕೇಳಿದರು. ಅವರು ದಡ್ಡರಲ್ಲ. ಅರ್ಧ ಮಾತಿಗೇ ಅರ್ಥವಾಗಿ ಮುಖ ಬೂದಿಯಾಯಿತು. ಅರ್ಥವಾಗದೆ ಹೋಗಿದ್ದರೆ ಪಂಪಾವತಿ ಅವರನ್ನು ಕ್ಷಮಿಸುತ್ತಿದ್ದಳೇನೋ.

"ಚುಕ್ಕೆಯನ್ನ ಕೈಯಿಂದ ಕೆಂಪು ಮಾಡೋ ಅಧಿಕಾರ ಇರೋದು ನಿಮಗೊಬ್ಬರಿಗೇ. ನನ್ನ ತಂಗೀದು ಮಾಡಿ ಸರ್. ಈಗಲೇ. ಆಮೇಲೆ ಉಳಿದ ಬಸುರಿಯರ ಬೆರಳು ಚುಚ್ಚಿ ನೋಡೋಣ."

ಚಂದ್ರಮೌಳಿ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಮತ್ತೆ ತೆಗೆದರು. "ಕೈಯಿಂದ ಬದಲಾಯಿಸಿದ ಚುಕ್ಕೆಗೆ ಸುತ್ತ ಕಪ್ಪು ಉಂಗುರ ಬರುತ್ತೆ ಪಂಪಾವತಿ. ಸಮಿತಿಯವರು ಮೊದಲು ಹುಡುಕೋದೇ ಅದನ್ನ. ಒಂದು ಉಂಗುರ ಕಂಡ್ರೆ ಇಡೀ ಗೋಡೆಯನ್ನ ಅನುಮಾನಿಸ್ತಾರೆ. ನಾಡಿದ್ದು ಬುಧವಾರ. ಸಂಜೆ ಅವರು ಹೊರಟ ಮೇಲೆ ನಾನೇ ಮಾಡ್ತೀನಿ. ಮಾತು ಕೊಡ್ತೀನಿ."

"ಅಲ್ಲೀ ತನಕ?"

"ಎಷ್ಟೋ ತಿಂಗಳು ತಡೆದವಳು ಎರಡು ದಿನ ತಡೀತಾಳೆ. ಖರ್ಜೂರ ಕೊಡಿ."

ಖರ್ಜೂರ. ಆ ಮಾತು ಪಂಪಾವತಿಯ ಕಿವಿಯಲ್ಲಿ ಆಮೇಲೂ ಬಹಳ ಕಾಲ ಉಳಿಯಿತು. ಬುದ್ಧಿವಂತ, ಸಾಧು ಮನುಷ್ಯನೊಬ್ಬ, ಎದುರಿಗೆ ರಕ್ತದ ನಳಿಕೆ ಇಟ್ಟುಕೊಂಡು, ಸಾಯುತ್ತಿರುವ ಹುಡುಗಿಗೆ ಖರ್ಜೂರ ಕೊಡಿ ಅನ್ನಬಲ್ಲ. ಅವಳು ಮೇಜಿನ ಮೇಲೆ ಕೈಯಪ್ಪಳಿಸಿ ಕೂಗಾಡಿದಳು. ಹೊರಗಿದ್ದವರೆಲ್ಲ ಬಂದು ಬಾಗಿಲಲ್ಲಿ ನಿಂತರು. ಹೆಂಗಸರ ಬಾಯಿಗೆ ಮಣ್ಣು ಹಾಕಿ ಪೇಡೆ ಹಂಚಿದಿರಲ್ಲ ಎಂದು ಕೇಳಿದಳು. ಚಂದ್ರಮೌಳಿ ನೆಲ ನೋಡುತ್ತ ಕೂತರೇ ಹೊರತು ಗೋಡೆಯ ಹತ್ತಿರ ಹೋಗಲಿಲ್ಲ.

ಪಟ್ಟಣದ ಬೇರೆ ಆಸ್ಪತ್ರೆಗೆ ಒಯ್ಯುವುದೆಂದು ತೀರ್ಮಾನಿಸಿದಳು. ಅಲ್ಲಿಗೆ ಮಣಿ ಬಂದಿರಲಿಲ್ಲ, ಮುಖ ನೋಡಿ ಮದ್ದು ಕೊಡುವ ಡಾಕ್ಟರರಿದ್ದರು. ಗಾಡಿ ಬಂದು ನಿಲ್ಲುವಷ್ಟರಲ್ಲಿ ಹುಲಿಗೆಮ್ಮನಿಗೆ ದಿನ ತುಂಬುವ ಮೊದಲೇ ನೋವು ಶುರುವಾಯಿತು. ಎಸ್ತರಮ್ಮ ಕೆಲಸ ಬಿಟ್ಟು ಜೊತೆಗೆ ಹತ್ತಿದಳು. ಗುಡ್ಡದ ತಿರುವಿನಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಎಸ್ತರಮ್ಮ ಇಳಿದು ಒಂದೊಂದು ಲಾರಿಯ ಬಾಗಿಲು ಬಡಿದು, ಕಾಲಿಗೆ ಬಿದ್ದು ದಾರಿ ಮಾಡಿಸಿದಳು. ಗಾಡಿಯ ಕಿಟಕಿಯಿಂದ ಕೆಂಪು ಧೂಳು ಒಳಗೆ ಬರುತ್ತಿತ್ತು. ಆ ನೋವಿನಲ್ಲೂ ಹುಲಿಗೆಮ್ಮ, "ವಾಸನಿ ಚಲೋ ಐತಿ ಅಲ್ಲಕ್ಕಾ" ಅಂದಳು. ಪಂಪಾವತಿ ಕಿಟಕಿ ಮುಚ್ಚಿದಳು.

ಪಟ್ಟಣದ ಆಸ್ಪತ್ರೆಯಲ್ಲಿ ಮಗು ಹುಟ್ಟಿತು, ಹೆಣ್ಣು, ಅಂಗೈಯಗಲದ್ದು, ಆದರೂ ಅತ್ತಿತು. ತಾಯಿ ಉಳಿಯಲಿಲ್ಲ. ರಕ್ತದ ಬಾಟಲಿ ತರುವ ಮೊದಲೇ ಮುಗಿದಿತ್ತು. ಅಲ್ಲಿನ ಡಾಕ್ಟರಮ್ಮ ಹೊರಗೆ ಬಂದು ಪಂಪಾವತಿಯನ್ನು ಪಕ್ಕಕ್ಕೆ ಕರೆದರು. "ಹೆರಿಗೆಯಲ್ಲಿ ಎಲ್ಲರಿಗೂ ಹೋಗುವಷ್ಟೇ ರಕ್ತ ಹೋಗಿದ್ದು. ಇನ್ನೊಬ್ಬಳಾಗಿದ್ದರೆ ಸಂಜೆಗೆ ಎದ್ದು ಕೂತು ಗಂಜಿ ಕುಡೀತಿದ್ದಳು. ಇವಳಲ್ಲಿ ಹೋಗೋದಕ್ಕೆ ರಕ್ತವೇ ಇರಲಿಲ್ಲ. ಯಾರೂ ನೋಡಲಿಲ್ವಾ ಇದನ್ನ?" ಎಂದು ಕೇಳಿದರು.

ಮಂಗಳವಾರ ಮಣ್ಣು ಮಾಡಿದರು. ಊರ ಹೊರಗಿನ ರುದ್ರಭೂಮಿ ಗುಡ್ಡದ ಬುಡದಲ್ಲೇ ಇದೆ, ಅಗೆದಷ್ಟೂ ಕೆಂಪು. ಬಂಧುಗಳೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದರು. ಹುಲಿಗೆಮ್ಮನ ಗಂಡ ಹಾಕಿದ, ಪಂಪಾವತಿ ಹಾಕಿದಳು. ಗಾಳೆಮ್ಮನ ಸರದಿ ಬಂದಾಗ ಅವಳ ಮುಷ್ಟಿ ಬಿಚ್ಚಲಿಲ್ಲ. ದಿನಾ ಸೆರಗಿನಲ್ಲಿ ಕಟ್ಟಿ ತಂದು ಮಗಳಿಗೆ ಕೊಟ್ಟ ಮಣ್ಣೇ ಅದು. ಯಾರೋ ಇಬ್ಬರು ಹೆಂಗಸರು ಬೆರಳು ಬಿಡಿಸಬೇಕಾಯಿತು. ಆ ಸಂಜೆ ಅಕಾಲದಲ್ಲಿ ಒಂದು ಮಳೆ ಸುರಿದು ಹೊಸ ಗುಣಿಯನ್ನು ನೆನೆಸಿಹಾಕಿತು. ಮಳೆ ನಿಂತ ಮೇಲೆ ಊರಿಗೆಲ್ಲ ಹುಲಿಗೆಮ್ಮನಿಗೆ ಇಷ್ಟವಾದ ಆ ವಾಸನೆ ಹರಡಿತು. ದೀಪ ಹಚ್ಚುವ ಹೊತ್ತಿಗೆ ದೇವರ ಗೂಡಿನ ಮುಂದಿದ್ದ ಫೋನು ಎಂದಿನಂತೆ ಹೊಡೆದುಕೊಂಡಿತು.

ಬುಧವಾರ ಸಮಿತಿಯವರು ಗೋಡೆಯ ಮುಂದೆ ಕೂತಿದ್ದರು. ಚಂದ್ರಮೌಳಿ ಮಾತಾಡುತ್ತಿದ್ದರು. ಒಂದೊಂದು ಹಸಿರು ಚುಕ್ಕೆಯೂ ಹೊಟ್ಟೆ ತುಂಬಿದ ಒಬ್ಬ ತಾಯಿ ಎಂದು ಅವರು ಹೇಳುವ ಹೊತ್ತಿಗೆ ಪಂಪಾವತಿ ಬಂದಳು. ಸೂತಕದ ಮನೆಯಿಂದ ನೆಟ್ಟಗೆ ಬಂದಿದ್ದಳು. ತಲೆ ಬಾಚಿರಲಿಲ್ಲ. ಯಾರಿಗೂ ನಮಸ್ಕಾರ ಮಾಡದೆ ಗೋಡೆಯ ಹತ್ತಿರ ಹೋಗಿ ಕೆಂಗಲ್ಲಿನ ಭಾಗವನ್ನು ದೊಡ್ಡದು ಮಾಡಿದಳು. ಮನೆಗಳು ಕಂಡವು, ಶಾಲೆ ಕಂಡಿತು, ಊರ ಹೊರಗಿನ ಕೊನೆಯ ಕಂಬ ಕಂಡಿತು. ಆ ಕಂಬದಾಚೆ ಮನೆಯೇ ಇಲ್ಲದ ಜಾಗದಲ್ಲಿ ಒಂದು ಚುಕ್ಕೆ ಒಂಟಿಯಾಗಿ ಬೆಳಗುತ್ತಿತ್ತು. ಇಡೀ ನಕಾಶೆಯಲ್ಲಿ ಅಷ್ಟು ಹಸಿರಾದ ಚುಕ್ಕೆ ಇನ್ನೊಂದಿರಲಿಲ್ಲ.

ಸಮಿತಿಯ ಅಧ್ಯಕ್ಷೆ ವಯಸ್ಸಾದ ಹೆಂಗಸು. ಕನ್ನಡಕ ಸರಿಮಾಡಿಕೊಂಡು, "ಅಲ್ಲಿ ಮನೆಯೇ ಇಲ್ಲವಲ್ಲಮ್ಮ, ಯಾರದು?" ಎಂದು ಕೇಳಿದರು.

"ನನ್ನ ತಂಗಿ. ನಿನ್ನೆ ಅಲ್ಲಿ ಹೂತು ಬಂದ್ವಿ" ಅಂದಳು ಪಂಪಾವತಿ. ಹಾಗೆಂದು ಚುಕ್ಕೆಯನ್ನು ಮುಟ್ಟಿದಳು.

"ಹುಲಿಗೆಮ್ಮನವರೇ ನಮಸ್ಕಾರ" ಎಂದಿತು ಜೇನಿನ ದನಿ. "ಇಂದು ನಿಮ್ಮ ತಟ್ಟೆ ತುಂಬಿತ್ತು. ಕಬ್ಬಿಣಾಂಶ ಚೆನ್ನಾಗಿದೆ. ಹೀಗೇ ಮುಂದುವರಿಸಿ."

ಪಂಪಾವತಿ ತಿರುಗಿ ನಿಂತಳು. "ಪಸೆ ಇರೋ ತನಕ, ಅದು ಗುಣಿಗಿಳಿದ ಮಳೆ ನೀರಾದ್ರೂ ಸರಿ, ಈ ಮಣಿ ಸಾಯಲ್ಲ. ಬಾಯಲ್ಲಿ ಏನಿದೆ ಅಂತಷ್ಟೇ ನೋಡುತ್ತೆ, ಅಗೀತಿದಾರಾ, ಉಸಿರಾಡ್ತಿದಾರಾ, ಅದಕ್ಕೆ ಬೇಕಿಲ್ಲ. ಬದುಕಿದ್ದಾಗಲೂ ಅವಳ ಬಾಯಲ್ಲಿ ಇದ್ದದ್ದು ಇದೇ ಮಣ್ಣು. ಆಗಲೂ ಇದೇ ಮಾತು ಹೇಳ್ತು. ನೀವು ನೋಡ್ತಿರೋ ಹಸಿರಲ್ಲಿ ಎಷ್ಟು ಜನ ಊಟ ಮಾಡ್ತಿದಾರೆ, ಎಷ್ಟು ಜನ ಮಣ್ಣು ತಿಂತಿದಾರೆ ಅಂತ ಹೇಳಬಲ್ಲವರು ಈ ಕೋಣೇಲಿ ಯಾರಾದ್ರೂ ಇದ್ರೆ ಹೇಳಿ."

ಚಂದ್ರಮೌಳಿ ಎದ್ದು ಅವಳ ಹತ್ತಿರ ಬಂದರು. ಅವರ ಕಣ್ಣಲ್ಲಿ ನೀರಿತ್ತು, ಸುಳ್ಳು ನೀರೇನಲ್ಲ. ಆದರೆ ಬಾಯಿಂದ ಬಂದದ್ದು ಬೇರೆ. ಮೆಲ್ಲಗೆ, ಅವಳಿಗಷ್ಟೇ ಕೇಳುವಂತೆ, "ಮಣಿ ತೆಗೆಸಿ ಹೂಳಬೇಕಿತ್ತು ಪಂಪಾವತಿ. ಅದು ಕೇಂದ್ರದ ಸ್ವತ್ತು" ಅಂದರು.

ಪಂಪಾವತಿಯ ಕೈ ಮೇಲೆದ್ದಿತು. ಅಧ್ಯಕ್ಷೆ ಕರೆಯದಿದ್ದರೆ ಆ ಕೈ ಚಂದ್ರಮೌಳಿಯ ಕಪಾಳಕ್ಕೆ ಬೀಳುತ್ತಿತ್ತೇನೋ. "ಈಗ ಏನು ಮಾಡಬೇಕು ಹೇಳಮ್ಮ" ಎಂದು ಅಧ್ಯಕ್ಷೆ ಕೇಳಿದರು.

"ಕಪಾಟಿನ ಬೀಗ ಒಡೆಸಿ. ಮಿಕ್ಕದ್ದು ನಾನು ಮಾಡ್ತೀನಿ."

ಬೀಗ ಒಡೆಯಲು ಅಧ್ಯಕ್ಷೆಯ ಒಂದು ಮಾತು ಸಾಕಾಯಿತು. ಹುಲಿಗೆಮ್ಮನಿಗಾಗಿ ಅಂಥ ಒಂದು ಮಾತು ಸೋಮವಾರ ಯಾರ ಬಾಯಲ್ಲೂ ಇರಲಿಲ್ಲ.

ಮರುದಿನದಿಂದ ಕೆಂಗಲ್ಲಿನ ಶಾಲೆಯ ಕಟ್ಟೆಯ ಮೇಲೆ ಪಂಪಾವತಿಯೂ ಎಸ್ತರಮ್ಮನೂ ಗಾಜಿನ ನಳಿಕೆ ಇಟ್ಟುಕೊಂಡು ಕೂತರು. ಮೊದಲು ಯಾರೂ ಬರಲಿಲ್ಲ. ಆಗ ಪಂಪಾವತಿ ಮಡಿಲಿಂದ ಒಂದು ಹೆಂಟೆ ಕೆಮ್ಮಣ್ಣು ತೆಗೆದು ಎಲ್ಲರಿಗೂ ಕಾಣುವಂತೆ ಮುಂದಿಟ್ಟುಕೊಂಡಳು. "ನಮ್ಮವ್ವ ತಿಂದಾಳ, ನಮ್ಮ ತಂಗಿ ತಿಂದಾಳ. ನಾ ಬಳಪ ತಿಂದೇನಿ. ಯಾರನ್ನೂ ಬೈಯಂಗಿಲ್ಲ, ಬರ್ರಿ" ಅಂದಳು. ಒಬ್ಬಳು ಬಸುರಿ ಬಂದು ಕೂತಳು. ಅವಳ ಹಿಂದೆ ಇನ್ನಿಬ್ಬರು, ಆಮೇಲೆ ಕಟ್ಟೆ ತುಂಬಿತು. ಬೆರಳು ಕೊಡುವಾಗ ಒಬ್ಬೊಬ್ಬಳೂ ತಗ್ಗಿದ ದನಿಯಲ್ಲಿ ಹೇಳಿದಳು, ಒಬ್ಬಳು ಒಲೆಯ ಮಣ್ಣು, ಒಬ್ಬಳು ಹುತ್ತದ ಮಣ್ಣು, ಒಬ್ಬಳು ಅತ್ತೆಗೆ ಕಾಣದಂತೆ ಗೋಡೆಯ ಗಿಲಾವು ಕೆರೆದು ತಿಂದದ್ದು. ಹೇಳಿದವಳ ಮುಖದಲ್ಲಿ ಹೊರೆ ಇಳಿಸಿದ ನಿರಾಳ. ಕೇಳಿಸಿಕೊಳ್ಳುವವಳ ಎದೆಯಲ್ಲಿ ಮಾತ್ರ ಸಿಟ್ಟು ಒಂದೊಂದು ಹನಿಗೂ ಹೆಚ್ಚಾಗುತ್ತ ಹೋಯಿತು. ನಳಿಕೆಯಲ್ಲಿ ತಿಳಿಯಾದ ಒಂದೊಂದು ರಕ್ತಕ್ಕೂ ಕೇಂದ್ರದ ಗೋಡೆಯಲ್ಲಿ ಒಂದು ಚುಕ್ಕೆ ಕೆಂಪಾಯಿತು. ವಾರ ಕಳೆಯುವಷ್ಟರಲ್ಲಿ ಗೋಡೆ ಗುಡ್ಡದ ಬಣ್ಣಕ್ಕೇ ಬಂದಿತ್ತು. ಹೆಂಗಸರು ವಾರ್ಡಿನಲ್ಲಿ ಸಾಲಾಗಿ ಮಲಗಿ ಡ್ರಿಪ್ಪು ಹಾಕಿಸಿಕೊಂಡರು. ಆ ಸಾಲಿನಲ್ಲಿ ಒಂದು ಹಾಸಿಗೆಯನ್ನು ಎಸ್ತರಮ್ಮ ಯಾರಿಗೂ ಹೇಳದೆ ಖಾಲಿ ಬಿಟ್ಟಿದ್ದಳು.

ಮಣಿ ನಿಲ್ಲಲಿಲ್ಲ ಅನ್ನುವುದನ್ನೂ ಹೇಳಬೇಕು. ಮಣ್ಣನ್ನು ಗುರುತಿಸುವ ಹೊಸ ಮಣಿ ಬರುವ ವರ್ಷ ತಯಾರಾಗುತ್ತದೆಂದು ಮೇಲಿನಿಂದ ಪ್ರಕಟಣೆ ಬಂತು. ಅದರಲ್ಲಿ ಹುಲಿಗೆಮ್ಮನ ಹೆಸರಿರಲಿಲ್ಲ. ಅವಳ ಚುಕ್ಕೆಯನ್ನು ಅಳಿಸಿಬಿಡೋಣವೇ ಎಂದು ಕೋಣೆಯವರು ಬಂದು ಕೇಳಿದಾಗ ಪಂಪಾವತಿ, ಅಳಿಸಿದವರ ಕೈ ಮುರೀತೀನಿ ಅಂದಳು. ಬಂದವರೆಲ್ಲ ನೋಡಲಿ ಎಂದು ಅದನ್ನು ಹಾಗೇ ಉಳಿಸಿದರು.

ಆದ್ದರಿಂದ ಮನೆಗೆ ಫೋನು ಬರುವುದೂ ನಿಲ್ಲಲಿಲ್ಲ. ಒಂದು ಸಂಜೆ ಪಂಪಾವತಿ ಊರಿಗೆ ಬಂದಾಗ ಗಾಳೆಮ್ಮ ಮೊಮ್ಮಗಳನ್ನು ಕಾಲಮೇಲೆ ಹಾಕಿಕೊಂಡು ದೇವರ ಗೂಡಿನ ಮುಂದೆ ಕೂತಿದ್ದಳು. ಕರೆ ನಿಲ್ಲಿಸಿಬಿಡಲೇನವ್ವ ಎಂದು ಪಂಪಾವತಿ ಕೇಳಿದಳು. ಗಾಳೆಮ್ಮ ಬೇಡವೆಂದು ತಲೆಯಾಡಿಸಿದಳು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ದವಾಖಾನೆಯವರ ಮುಂದೆ ಇಡೀ ಜನ್ಮದಲ್ಲಿ ಒಂದು ಮಾತು ಎತ್ತರಿಸಿ ಆಡದಿದ್ದವಳು ಫೋನನ್ನು ಬಾಯಿಯ ಹತ್ತಿರ ಹಿಡಿದುಕೊಂಡು, ಆ ದನಿ ನಮಸ್ಕಾರ ಅನ್ನುವ ಮೊದಲೇ ಶುರುಮಾಡಿದಳು.

"ಮಣ್ಣು ತಿಂದಾಳ್ರಿ ನನ್ನ ಮಗಳು. ಮಣ್ಣು. ನಾನ ಕೊಟ್ಟೇನಿ. ದಿನಾ ಕೊಟ್ಟೇನಿ. ನೀವು ಕೇಳಲಿಲ್ಲ, ನಾ ಹೇಳಲಿಲ್ಲ. ಈಗ ಹೇಳಾಕತ್ತೀನಿ, ಕೇಳ್ರಿ."

ದನಿ ತನ್ನ ಪಾಡಿಗೆ ತಾನು ಹುಲಿಗೆಮ್ಮನವರ ತಟ್ಟೆ ತುಂಬಿತ್ತು ಎಂದಿತು, ಹೀಗೇ ಮುಂದುವರಿಸಿ ಎಂದಿತು, ಇಟ್ಟುಬಿಟ್ಟಿತು. ಗಾಳೆಮ್ಮ ಫೋನನ್ನು ಕೆಳಗಿಡಲಿಲ್ಲ. "ನಾಳೆನೂ ಬರತೈತಿ. ನಾಳೆನೂ ಹೇಳ್ತೀನಿ" ಅಂದಳು. ಆಮೇಲೆ ಮಗುವಿನ ಕಿವಿ ಬಗ್ಗಿಸಿ ನೋಡಿ, ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಹಾಲಿನ ಬಾಟಲಿಗೆ ಕೈ ಚಾಚಿದಳು.